ಸ್ಪ್ರಿಂಗ್‌ಫೀಲ್ಡಿನ ದರ್ಪಣಶಿಲ್ಪಿ

ಕುಶಲವಿದ್ಯೆಗಳ ಇತಿಹಾಸದಲ್ಲಿ ಗುಟ್ಟಿಗೆ ದೊಡ್ಡ ಸ್ಥಾನವುಂಟು. ಕಸುಬುಗಾರನು ತನ್ನ ಮಗನಿಗೆ ವಿದ್ಯೆಯನ್ನು ಹೇಳಿಕೊಟ್ಟರೂ ಕೊನೆಯ ಒಂದು ಮಾತನ್ನು ಗಂಟಲಿನಲ್ಲಿಯೇ ಉಳಿಸಿಕೊಳ್ಳುವನು. ಮಗನಿಲ್ಲದಿದ್ದರೆ ವಿದ್ಯೆಯೂ ಅವನೊಡನೆಯೇ ಮಣ್ಣಾಗುವುದು. ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ದೋಷವೆಂದು ನಾವು ಆಗಾಗ ತಲೆತಗ್ಗಿಸಿ ಹೇಳಿಕೊಳ್ಳುವುದುಂಟು. ಆದರೆ ಪಶ್ಚಿಮದ ಕಥೆಯೂ ಬೇರೆಯಾಗಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಷಾರ್ಟ್ ಎಂಬ ಸ್ಕಾಟ್ಲೆಂಡಿನ ಶಿಲ್ಪಿಯು ದೂರದರ್ಶಕಗಳಿಗೆ ಲೋಹದ ದರ್ಪಣಗಳನ್ನು ಮಾಡುವುದರಲ್ಲಿ ಯೂರೋಪಿನಲ್ಲೆಲ್ಲ ಹೆಸರಾಗಿದ್ದನು. ಆತನು 1768ರಲ್ಲಿ ತೀರಿಕೊಂಡನು. ಅದಕ್ಕೆ ಮುನ್ನ, ತನ್ನ ಕೈಚಳಕದ ಮರ್ಮವು ಇನ್ನೊಬ್ಬರಿಗೆ ತಿಳಿಯಬಾರದೆಂದು, ಉಪಕರಣಗಳನ್ನೆಲ್ಲ ನಾಶಮಾಡಿಸಿದನೆಂದು ಪ್ರತೀತಿ.

ಇದೇ ದರ್ಪಣವಿದ್ಯೆಯನ್ನು, ಷಾರ್ಟನು ಸತ್ತು ನೂರೈವತ್ತು ವರ್ಷಗಳಾದ ಮೇಲೆ, ಒಂದು ಕಾರ್ಖಾನೆಯ ಊರಿನಲ್ಲಿ ಕೇಳಿದವರಿಗೆಲ್ಲ ಕಲಿಸಿಕೊಟ್ಟವನೊಬ್ಬನಿದ್ದನು. ಅವನ ಹೆಸರು ರಸೆಲ್ ಪೋರ್ಟರ್. ಇಂದು ಆತನನ್ನು ಕುರಿತು ಶ್ರೋತೃಗಳೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಅಪೇಕ್ಷೆ. ಪಾಲೊಮಾರ್ ಬೆಟ್ಟದ 200 ಅಂಗುಲದ ಮಹಾ ದೂರದರ್ಶಕದ ಚರಿತ್ರೆಯನ್ನು ಬರೆಯುವವರು ಈತನ ಹೆಸರನ್ನು ಚಿತ್ರಕಾರರ ಸಾಲಿನಲ್ಲಿ ಸೇರಿಸಿ ಮುಂದಕ್ಕೆ ಹೋಗುತ್ತಾರೆ. ಅದು ಅನ್ಯಾಯವೆಂದು ನಮಗೆ ತೋರುತ್ತದೆ.

ಮೊದಲು ಆ ವಿದ್ಯೆಯೆಂತಹುದೆಂಬುದನ್ನು ತಿಳಿಯಬೇಕು. ದೂರದರ್ಶಕಗಳಲ್ಲಿ ಎರಡು ಜಾತಿ: ಮಸೂರದ್ದು ಒಂದು, ದರ್ಪಣದ್ದು ಒಂದು. ದರ್ಪಣದ ಜಾತಿಯನ್ನು ಮೊದಲು ಕೈಯಾರ ಮಾಡಿ ತೋರಿಸಿದವನು ನ್ಯೂಟನ್. ಅದು 1668ರ ಮಾತು. ಅಲ್ಲಿಂದ ಸುಮಾರು ಇನ್ನೂರು ವರ್ಷಗಳವರೆಗೆ ದರ್ಪಣಗಳನ್ನು ತಾಮ್ರ ಮತ್ತು ತವರಗಳ ಮಿಶ್ರಲೋಹದಿಂದ ಎರಕಹೊಯ್ಯುತ್ತಿದ್ದರು. 1850ರ ದಶಕದಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳುವಾದ ಲೇಪವನ್ನು ಕೊಡುವ ರಾಸಾಯನಿಕ ಕ್ರಮವು ಬಂದಿತು. ಗಾಜು ಲೋಹಕ್ಕಿಂತ ಹಗುರ. ಲೇಪವು ಮಂಕಾದರೆ ಅದನ್ನು ತೊಳೆದು ಮತ್ತೆ ಬಳಿಯಬಹುದು. ಆದರೆ ಗಾಜಿಗೆ ಸರಿಯಾದ ಆಕಾರವನ್ನು ಕೊಡುವ ಕಷ್ಟವು ಹಾಗೆಯೇ ಉಳಿಯಿತು.

ಒಂದೇ ಅಳತೆಯ ಎರಡು ಗಾಜಿನ ಬಿಲ್ಲೆಗಳನ್ನು ತೆಗೆದುಕೊಳ್ಳಬೇಕು. ಒಂದನ್ನು ಕೆಳಗಿಟ್ಟು, ನಡುವೆ ಸಾಣೆಪುಡಿಯನ್ನೂ ನೀರನ್ನೂ ಹಾಕಿ, ಇನ್ನೊಂದನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ನಮ್ಮ ಮನೆಗಳಲ್ಲಿ ಸಾಣೆಕಲ್ಲಿನ ಮೇಲೆ ಗಂಧವನ್ನು ತೇಯುವುದನ್ನು ಕಂಡವರಿಗೆ ಈ ಕೆಲಸದ ತಾಳ್ಮೆಯನ್ನು ವಿವರಿಸಬೇಕಾಗಿಲ್ಲ. ವಿಚಿತ್ರವೇನೆಂದರೆ, ಹೀಗೆ ತೇಯುತ್ತ ಹೋದಂತೆ ಮೇಲಿನ ಗಾಜು ತಾನಾಗಿಯೇ ಕುಳಿಬೀಳುತ್ತದೆ, ಕೆಳಗಿನದು ಉಬ್ಬುತ್ತದೆ; ಎರಡೂ ಗೋಳದ ಭಾಗಗಳಾಗುತ್ತವೆ. ಆರು ಅಂಗುಲ ಅಗಲದ, ನಾಲ್ಕಡಿ ನಾಭಿದೂರದ ದರ್ಪಣಕ್ಕೆ ನಡುಮಧ್ಯದಲ್ಲಿ ಬೇಕಾದ ಆಳವು ಅಂಗುಲದ ಇಪ್ಪತ್ತನೆಯ ಒಂದು ಪಾಲಿಗಿಂತ ಸ್ವಲ್ಪ ಕಡಮೆ. ಇಲ್ಲಿಯವರೆಗೆ ಬೇಕಾದುದು ತೋಳಿನ ಶಕ್ತಿ ಮಾತ್ರ.

ಕಷ್ಟವು ಮುಂದಿದೆ. ನಕ್ಷತ್ರದ ಬೆಳಕೆಲ್ಲವೂ ಒಂದೇ ಬಿಂದುವಿಗೆ ಸೇರಬೇಕಾದರೆ ದರ್ಪಣವು ಗೋಳಾಕಾರದಲ್ಲಿದ್ದರೆ ಸಾಲದು. ಪರವಲಯದ ಆಕಾರಕ್ಕೆ ಬರಬೇಕು. ನಾವು ಹೇಳಿದ ಆರಂಗುಲದ ದರ್ಪಣದಲ್ಲಿ ಈ ಎರಡು ಆಕಾರಗಳಿಗೂ ಅಂಚಿನಲ್ಲಿ ಇರುವ ವ್ಯತ್ಯಾಸವನ್ನು ಲೆಕ್ಕಹಾಕಿದರೆ, ಒಂದು ಅಂಗುಲವನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಹನ್ನೊಂದು ಪಾಲು! ರಾಳವನ್ನು ಕರಗಿಸಿ ಮಾಡಿದ ಮೆದುವಾದ ಹಾಸಿನ ಮೇಲೆ, ಕೆಮ್ಮಣ್ಣಿನಂತಿರುವ ಕಬ್ಬಿಣದ ಭಸ್ಮದಿಂದ ಗಾಜಿಗೆ ಹೊಳಪು ಕೊಡುತ್ತ ಕೊಡುತ್ತ ಈ ಹನ್ನೊಂದು ಪಾಲನ್ನು ಸವೆಯಿಸಬೇಕು. ಬೆರಳಿನ ಬಿಸಿಯಿಂದಲೇ ಗಾಜು ಅದಕ್ಕಿಂತ ಹೆಚ್ಚಾಗಿ ಹಿಗ್ಗುವುದುಂಟು. ಆದುದರಿಂದ ಶಿಲ್ಪಿಯು ಹತ್ತು ನಿಮಿಷ ಉಜ್ಜಿ, ಗಾಜು ತಣಿಯುವವರೆಗೆ ಕಾದು, ಅನಂತರ ಪರೀಕ್ಷಿಸಬೇಕಾಗುತ್ತದೆ. ಇಷ್ಟು ಸೂಕ್ಷ್ಮವನ್ನು ಅಳೆಯುವ ಬಗೆ ಹೇಗೆ? ಫ್ರಾನ್ಸಿನ ಫೂಕೋ ಎಂಬ ವಿಜ್ಞಾನಿಯು 1858ರಲ್ಲಿ ಅದಕ್ಕೆ ಅತ್ಯಂತ ಸುಲಭವಾದ ಉಪಾಯವನ್ನು ಕಂಡುಹಿಡಿದನು. ಸೂಜಿಮೊನೆಯಷ್ಟು ರಂಧ್ರದ ಹಿಂದೆ ಒಂದು ದೀಪ, ದರ್ಪಣದಿಂದ ಮರಳಿ ಬರುವ ಬೆಳಕನ್ನು ಕತ್ತರಿಸಲು ಕ್ಷೌರದ ಕತ್ತಿಯ ಅಲಗಿನಂತಹ ಒಂದು ಅಲಗು: ಇಷ್ಟೇ ಸಾಮಗ್ರಿ. ಕಣ್ಣನ್ನು ಅಲಗಿನ ಹಿಂದಿಟ್ಟು ನೋಡಿದರೆ ದರ್ಪಣದ ಮೇಲಿನ ಉಬ್ಬುತಗ್ಗುಗಳು ಬೆಟ್ಟಕಣಿವೆಗಳಂತೆ ನೆರಳುಬೆಳಕಿನಲ್ಲಿ ಎದ್ದು ಕಾಣುತ್ತವೆ.

ಈ ಸಂಗತಿಗಳೆಲ್ಲ ಅಚ್ಚಾಗಿರಲಿಲ್ಲವೆಂದಲ್ಲ. ಅಮೆರಿಕಾದ ಹೆನ್ರಿ ಡ್ರೇಪರನು 1864ರಲ್ಲಿ ತನ್ನ ದರ್ಪಣದ ಕಥೆಯನ್ನು ವಿವರವಾಗಿ ಬರೆದು ಪ್ರಕಟಿಸಿದ್ದನು. ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯ ಕೆಲಸಗಾರನಾಗಿದ್ದ ಜಾನ್ ಬ್ರಾಷಿಯರನು ಬೆಳ್ಳಿಲೇಪದ ತನ್ನ ಕ್ರಮವನ್ನು 1880ರಲ್ಲಿ ಪತ್ರಿಕೆಗೆ ಬರೆದು ಲೋಕಕ್ಕೇ ಕೊಟ್ಟುಬಿಟ್ಟನು. ಆದರೂ ಗ್ರಂಥದಲ್ಲಿರುವ ವಿದ್ಯೆ ಬೇರೆ, ಬೆರಳಿಗಿಳಿದ ವಿದ್ಯೆ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕಾದಲ್ಲಿ ಸ್ವಂತ ಕೈಯಿಂದ ದರ್ಪಣವನ್ನು ಮಾಡಿಕೊಳ್ಳುತ್ತಿದ್ದವರು ಎಲ್ಲೋ ಒಬ್ಬರು, ಎಲ್ಲೋ ಇಬ್ಬರು. ಅಂಗಡಿಯ ದೂರದರ್ಶಕವಂತೂ ದಿನಗೂಲಿಯ ಮೇಲೆ ಬದುಕುವವನ ಕೈಗೆಟುಕುವ ಪದಾರ್ಥವಾಗಿರಲಿಲ್ಲ.

ರಸೆಲ್ ಪೋರ್ಟರನು ಹುಟ್ಟಿದುದು 1871ರ ಡಿಸೆಂಬರಿನಲ್ಲಿ, ವರ್ಮಾಂಟ್ ಪ್ರಾಂತ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಬಾಸ್ಟನ್ನಿನಲ್ಲಿ ವಾಸ್ತುಶಿಲ್ಪವನ್ನು ಓದಿದನು. ಅಲ್ಲಿ ಉತ್ತರಧ್ರುವದ ಹುಚ್ಚು ಅವನಿಗೆ ಹಿಡಿಯಿತು. 1894ರಿಂದ ಹಲವು ಬಾರಿ ಹಿಮಪ್ರದೇಶಗಳಿಗೆ ಹೋಗಿಬಂದನು. 1903ರಲ್ಲಿ ಹೊರಟ ಝೀಗ್ಲರ್ ಯಾತ್ರೆಯಲ್ಲಿ ಅವರ ಹಡಗನ್ನು ಮಂಜುಗಡ್ಡೆಯೇ ನುಂಗಿತು. ಯಾತ್ರಿಕರು ಎರಡು ಚಳಿಗಾಲಗಳನ್ನು ಫ್ರಾಂಟ್ಸ್ ಜೋಸೆಫ್ ದ್ವೀಪಗಳಲ್ಲಿ ಕಳೆದು, 1905ರಲ್ಲಿ ಟೆರಾ ನೋವಾ ಎಂಬ ಹಡಗು ಬಂದ ಮೇಲೆ ಬದುಕಿದರು. ಆ ತಿಂಗಳುಗಟ್ಟಲೆಯ ರಾತ್ರಿಯಲ್ಲಿ ಭೂಮಾಪನಕ್ಕೂ ಕಾಲನಿರ್ಣಯಕ್ಕೂ ನಕ್ಷತ್ರಗಳೇ ಗತಿ. ಪೋರ್ಟರನು ನಕ್ಷೆಗಳನ್ನು ಬರೆದನು, ಬಣ್ಣದ ಚಿತ್ರಗಳನ್ನು ಬರೆದನು, ಆಕಾಶವನ್ನು ಅಳೆದನು. ಧ್ರುವವನ್ನು ಮಾತ್ರ ಮುಟ್ಟಲಿಲ್ಲ. ಆತನ ಸಾಹಸಗಳ ಈ ಭಾಗವನ್ನು ಹೇಳಹೊರಟರೆ ಅದೇ ಬೇರೊಂದು ಭಾಷಣವಾದೀತು.

ಅನಂತರ ಆತನು ಮೈನ್ ಪ್ರಾಂತ್ಯದ ಪೋರ್ಟ್ ಕ್ಲೈಡ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿ, ಮನೆಗಳನ್ನು ಕಟ್ಟಿಸುತ್ತ, ಬಿಡುವಿನ ವೇಳೆಯಲ್ಲಿ ಗಾಜನ್ನು ತೇಯತೊಡಗಿದನು. ಹೀಗೆ ಮಾಡೆಂದು ಪ್ರೇರಿಸಿದವನು ಸ್ವಂತ ಊರಿನ ಜೇಮ್ಸ್ ಹಾರ್ಟ್‌ನೆಸ್. ಈ ಮಹಾಶಯನು ಜೋನ್ಸ್ ಮತ್ತು ಲ್ಯಾಮ್ಸನ್ ಎಂಬ ಯಂತ್ರಶಾಲೆಯ ಮುಖ್ಯಸ್ಥ. ಮುಂದೆ 1921ರಿಂದ 1923ರವರೆಗೆ ವರ್ಮಾಂಟಿನ ಗವರ್ನರನಾಗಿದ್ದವನು. ತನ್ನ ಮನೆಯ ಅಂಗಳದಲ್ಲಿಯೇ ದೂರದರ್ಶಕವನ್ನು ನಿಲ್ಲಿಸಿಕೊಂಡಿದ್ದ ರಸಿಕ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೋರ್ಟರನು ವಾಷಿಂಗ್‌ಟನ್ನಿನ ಸರಕಾರೀ ಪ್ರಯೋಗಶಾಲೆಯಲ್ಲಿ ಗಾಜಿನ ಕೆಲಸ ಮಾಡಿದನು. 1919ರಲ್ಲಿ ಹಾರ್ಟ್‌ನೆಸ್ಸನು ಆತನನ್ನು ಊರಿಗೆ ಕರೆಸಿಕೊಂಡನು. ತಿರುಪುಮೊಳೆಯ ಸುತ್ತುಗಳ ನೆರಳನ್ನು ನೂರಾರು ಪಾಲು ದೊಡ್ಡದು ಮಾಡಿ ತೆರೆಯ ಮೇಲೆ ಬೀಳಿಸಿ, ತಪ್ಪಿದ್ದರೆ ಕಣ್ಣಿಗೆ ಕಾಣುವಂತೆ ಮಾಡುವ ಯಂತ್ರವೊಂದನ್ನು ಇವರಿಬ್ಬರೂ ಸೇರಿ ರೂಪಿಸಿದರು. ಪೋರ್ಟರನಿಗೆ ಸಂಬಳ ಬಂದುದು ಈ ಕೆಲಸಕ್ಕಾಗಿ.

1920ರಲ್ಲಿ ಆತನು ಊರಿನವರಿಗಾಗಿ ದರ್ಪಣ ತೇಯುವ ತರಗತಿಯೊಂದನ್ನು ತೆರೆದನು. ಸೇರಿದವರು ಹದಿನೈದು ಮಂದಿ ಗಂಡಸರು, ಒಬ್ಬ ಹೆಂಗಸು; ಬಹುಮಟ್ಟಿಗೆ ಎಲ್ಲರೂ ಯಂತ್ರಶಾಲೆಯ ಕೆಲಸಗಾರರು. ಹಗಲೆಲ್ಲ ಲೇತಿನ ಮುಂದೆ ನಿಂತು ಅಂಗುಲದ ಸಾವಿರದಲ್ಲೊಂದು ಪಾಲಿಗೆ ಉಕ್ಕನ್ನು ಕಡೆಯುತ್ತಿದ್ದವರಿಗೆ ಈಗ ಕೈಯೊಂದರಿಂದಲೇ, ಯಂತ್ರದ ಸಹಾಯವಿಲ್ಲದೆ, ಲಕ್ಷಾಂಶಗಳ ಲೆಕ್ಕದಲ್ಲಿ ಗಾಜನ್ನು ತಿದ್ದುವ ಕೆಲಸ. ಹಿಡಿದ ಕೆಲಸವನ್ನು ಅವರು ಬಿಡಲಿಲ್ಲ. ದರ್ಪಣಗಳು ಸಿದ್ಧವಾದುವು. ದೂರದರ್ಶಕದ ಉಳಿದ ಭಾಗಗಳನ್ನು ಮಾಡಿಕೊಳ್ಳುವುದು ಇಂತಹ ಕಸುಬುಗಾರರಿಗೆ ಆಟ. ನೋಡುವವನು ಕತ್ತನ್ನು ತಿರುಚದೆ, ಕುರ್ಚಿಯಲ್ಲಿ ಕುಳಿತಲ್ಲಿಯೇ ಕುಳಿತು ಆಕಾಶವನ್ನೆಲ್ಲ ಸುತ್ತಿಬರುವಂತಹ ಪೀಠವೊಂದನ್ನು ಪೋರ್ಟರನು ಕಲ್ಪಿಸಿದನು. ಅದಕ್ಕೆ ಇಂದಿಗೂ ಸ್ಪ್ರಿಂಗ್‌ಫೀಲ್ಡ್ ಪೀಠವೆಂದೇ ಹೆಸರು.

ಇಲ್ಲಿ ಒಂದು ಸಂಗತಿಯನ್ನು ಶ್ರೋತೃಗಳು ಗಮನಿಸಬೇಕು. ಇದೇ ಕಾಲದಲ್ಲಿ ಪೋರ್ಟರನು ತೋಟದಲ್ಲಿ ಅಲಂಕಾರವಾಗಿ ನಿಲ್ಲಿಸತಕ್ಕ, ಹೂವಿನ ಬಳ್ಳಿಯ ಕುಸುರಿಯುಳ್ಳ ಕಂಚಿನ ದೂರದರ್ಶಕವೊಂದನ್ನು ರಚಿಸಿದನು. ಯಂತ್ರಶಾಲೆಯು ಅದನ್ನು ಮಾರಾಟಕ್ಕಿಟ್ಟಿತು. ನೋಡಲು ಅತಿ ಸುಂದರವಾದ ವಸ್ತು. ಆದರೆ ಕೊಳ್ಳುವವರು ಹೆಚ್ಚು ಮಂದಿ ಬರಲಿಲ್ಲ. ಮಾರಲು ಹೊರಟುದು ಗೋದಾಮಿನಲ್ಲಿ ಕುಳಿತಿತು. ಸಂಜೆಯ ಹೊತ್ತು ಬಿಟ್ಟಿಯಾಗಿ ಹಂಚಿದುದು ಊರುಕೇರಿಗಳನ್ನು ದಾಟಿ ಹೋಯಿತು. 1921ರಲ್ಲಿ ಆತನು ಖಗೋಳಪತ್ರಿಕೆಯೊಂದಕ್ಕೆ ಬರೆದ ಲೇಖನಕ್ಕೆ ಇಟ್ಟ ಹೆಸರು ‘ಬಡವನ ದೂರದರ್ಶಕ’.

1923ರ ಡಿಸೆಂಬರ್ 7ರಂದು ಈ ಶಿಷ್ಯವರ್ಗವು ‘ಸ್ಪ್ರಿಂಗ್‌ಫೀಲ್ಡ್ ದೂರದರ್ಶಕ ನಿರ್ಮಾಪಕರು’ ಎಂಬ ಸಂಘವಾಯಿತು. ಸಂಘಕ್ಕೆ ಸೇರುವವನು ಚಂದಾ ಕೊಟ್ಟರೆ ಸಾಲದು, ತನ್ನ ಕೈಯಿಂದ ದರ್ಪಣವನ್ನು ಮಾಡಿರಬೇಕೆಂದು ನಿಯಮ. ನಮ್ಮ ನಗರಗಳ ಎಷ್ಟೋ ಸಂಘಗಳು ಈ ನಿಯಮವನ್ನು ತಮ್ಮ ತಮ್ಮ ವಿಷಯಕ್ಕೆ ಅನ್ವಯಿಸಿಕೊಂಡರೆ ಸದಸ್ಯರ ಪಟ್ಟಿಯು ಎಷ್ಟು ಚಿಕ್ಕದಾದೀತೆಂದು ಯೋಚಿಸಲು ನಮಗೆ ಧೈರ್ಯವಿಲ್ಲ! ಊರ ಹೊರಗೆ ಬ್ರೀಜಿ ಬೆಟ್ಟವೆಂಬ ಎತ್ತರವಾದ ಸ್ಥಳದಲ್ಲಿ ಸದಸ್ಯರು ತಾವೇ ಸೇರಿ ಒಂದು ಮರದ ಮನೆಯನ್ನು ಕಟ್ಟಿದರು. ಅದಕ್ಕೆ ಗುಲಾಬಿ ಬಣ್ಣವನ್ನು ಬಳಿದರು. ಗೋಡೆಯ ನೆತ್ತಿಯಲ್ಲಿ ಬೈಬಲ್ಲಿನ ಕೀರ್ತನೆಯ ಸಾಲೊಂದನ್ನು ಕೆತ್ತಿಸಿದರು. ಮನೆಗೆ ‘ಸ್ಟೆಲಾಫೇನ್’, ಎಂದರೆ ನಕ್ಷತ್ರಗಳ ಗುಡಿ, ಎಂದು ಹೆಸರಿಟ್ಟರು.

1925ರ ಬೇಸಗೆಯಲ್ಲಿ ಈ ಗುಡಿಗೆ ಒಬ್ಬ ಯಾತ್ರಿಕನು ಬಂದನು. ಆಲ್ಬರ್ಟ್ ಇಂಗಲ್ಸ್ ಎಂಬ ಆತನು ನ್ಯೂಯಾರ್ಕಿನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಸಂಪಾದಕರಲ್ಲೊಬ್ಬ. ಪೋರ್ಟರನ ಲೇಖನವನ್ನು ಓದಿ, ಇಂತಹ ಊರೊಂದಿರುವುದು ನಿಜವೇ ಎಂದು ಕಣ್ಣಾರೆ ನೋಡಲು ಬಂದವನು. ಆ ವರ್ಷದ ನವೆಂಬರಿನ ಸಂಚಿಕೆಯಲ್ಲಿ ಅವನು ತಾನು ಕಂಡುದನ್ನು ಬರೆದನು. ಹೇಗೆ ಮಾಡುವುದೆಂದು ನಮಗೂ ಹೇಳಿಕೊಡಿರೆಂದು ಓದುಗರು ಪತ್ರಿಕೆಗೆ ಮೇಲಿಂದ ಮೇಲೆ ಬರೆದರು. 1926ರ ಆರಂಭದಲ್ಲಿ ಪೋರ್ಟರನೇ ಲೇಖನಿಯನ್ನು ಹಿಡಿದು, ಜೊತೆಗೆ ತನ್ನ ಕೈಯ ರೇಖಾಚಿತ್ರಗಳನ್ನು ಕೊಟ್ಟು, ವಿಷಯವನ್ನೆಲ್ಲ ಬಿಡಿಸಿ ಬರೆದನು. ಅದೇ ವರ್ಷ ಇಂಗಲ್ಸನು ಈ ಲೇಖನಗಳನ್ನೂ ಇತರರ ಬರಹಗಳನ್ನೂ ಕೂಡಿಸಿ ಹವ್ಯಾಸಿಗಳ ದೂರದರ್ಶಕ ನಿರ್ಮಾಣವನ್ನು ಕುರಿತ ಗ್ರಂಥವನ್ನು ಹೊರತಂದನು. ಅದು ಮುಂದೆ ಮೂರು ಸಂಪುಟಗಳಾಗಿ ಬೆಳೆಯಿತು.

ಆ ಬರವಣಿಗೆಯ ಗುಣವೇನೆಂದರೆ, ಓದುವವನು ಎಲ್ಲಿ ಎಡವುವನೆಂಬುದು ಬರೆದವನಿಗೆ ಮೊದಲೇ ಗೊತ್ತಿದೆ. ಅಂಚು ಏಕೆ ಕೆಳಗಿಳಿಯುತ್ತದೆ, ರಾಳವು ಗಟ್ಟಿಯಾದರೇನಾಗುತ್ತದೆ, ಸಾಣೆಪುಡಿಯ ಒಂದು ದಪ್ಪ ಕಣವು ಉಳಿದುಕೊಂಡು ಗೀರು ಬಿದ್ದರೆ ಮಾಡತಕ್ಕದ್ದೇನು, ಇವೆಲ್ಲ ಹದಿನಾರು ಮಂದಿ ಶಿಷ್ಯರ ಮಗ್ಗುಲಲ್ಲಿ ನಿಂತವನಿಗೆ ಮಾತ್ರ ತಿಳಿಯತಕ್ಕ ಸಂಗತಿಗಳು. ಅಧ್ಯಾಪಕವೃತ್ತಿಯಲ್ಲಿ ದಿನಗಳೆಯುವ ನಮ್ಮಂಥವರಿಗೆ ಇಂತಹ ಪುಟಗಳನ್ನು ಓದಿದಾಗ ಸಂತೋಷದೊಡನೆ ಸ್ವಲ್ಪ ಅಸೂಯೆಯೂ ಆಗುತ್ತದೆ. 1926ರಲ್ಲಿಯೇ ಬ್ರೀಜಿ ಬೆಟ್ಟದಲ್ಲಿ ಹವ್ಯಾಸಿಗಳ ಮೊದಲ ಸಮ್ಮೇಳನವೂ ನಡೆಯಿತು. ತಾವು ಮಾಡಿದ ದೂರದರ್ಶಕಗಳನ್ನು ಬಂಡಿಗೆ ಹೇರಿಕೊಂಡು ಪರವೂರಿನವರು ಬಂದರು.

ಹವ್ಯಾಸದಿಂದ ಹುಟ್ಟಿದುದು ಹೀಗೆ ಊರಿನ ಸೊತ್ತಾಗುವುದು ಮೈಸೂರಿನವರಿಗೆ ಹೊಸದಲ್ಲ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದುದನ್ನು ಇಲ್ಲಿ ನೆನೆದರೆ ಸಾಕು.

ಈಗ ಕಥೆಯು ಖಂಡದ ಆಚೆಯ ದಡಕ್ಕೆ ಹೋಗಬೇಕಾಗಿದೆ. 1928ರಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ಎಲರಿ ಹೇಲ್ ಎಂಬ ಖಗೋಳಜ್ಞನು ರಾಕ್‌ಫೆಲರ್ ನಿಧಿಯಿಂದ ಅರುವತ್ತು ಲಕ್ಷ ಡಾಲರುಗಳನ್ನು ಪಡೆದು, 200 ಅಂಗುಲ ಅಗಲದ ದರ್ಪಣವುಳ್ಳ ದೂರದರ್ಶಕವನ್ನು ನಿರ್ಮಿಸಲು ಸಂಕಲ್ಪಿಸಿದನು. ಅದಕ್ಕಾಗಿ ಆತನು ಕರೆಸಿಕೊಂಡವರಲ್ಲಿ ಸ್ಪ್ರಿಂಗ್‌ಫೀಲ್ಡಿನ ಈ ಹವ್ಯಾಸಿಯೂ ಒಬ್ಬ. ಪೋರ್ಟರನಿಗೆ ಖಗೋಳಶಾಸ್ತ್ರದಲ್ಲಿ ಪದವಿಯಿರಲಿಲ್ಲ; ವಯಸ್ಸು ಐವತ್ತೇಳಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಆತನು ಪ್ಯಾಸಡೀನಾ ನಗರಕ್ಕೆ ಹೊರಟನು. ಶಿಷ್ಯರನ್ನೂ ಬೆಟ್ಟದ ಮೇಲಿನ ಗುಲಾಬಿ ಮನೆಯನ್ನೂ ಬಿಟ್ಟುಹೋಗಬೇಕಾಯಿತು. ಗುರುವು ಹೋದ ಮೇಲೆ ಶಿಷ್ಯಮಂಡಲವು ಚದರಿಹೋದುದಕ್ಕೆ ಚರಿತ್ರೆಯಲ್ಲಿ ಎಷ್ಟೋ ನಿದರ್ಶನಗಳಿವೆ. ಸ್ಪ್ರಿಂಗ್‌ಫೀಲ್ಡಿನಲ್ಲಿ ಹಾಗಾಗಲಿಲ್ಲ. ಗುರುವಿನ ಕಲ್ಪನೆಯಂತೆ, 1930ರ ಸುಮಾರಿಗೆ, ಅಲ್ಲಿಯ ಕೊರೆಯುವ ಚಳಿಯಲ್ಲಿಯೂ ನೋಡುವವನು ಒಳಗೆ ಬೆಚ್ಚಗೆ ಕುಳಿತು ಆಕಾಶವನ್ನು ನೋಡಬಹುದಾದ ಗುಮ್ಮಟದಂತಹ ದೂರದರ್ಶಕವೊಂದನ್ನು ಅವರು ಬೆಟ್ಟದ ಮೇಲೆ ನಿಲ್ಲಿಸಿದರು. ಒಬ್ಬನ ಔದಾರ್ಯವು ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ ನಾವು ಪಾಲೊಮಾರಿಗಿಂತ ಮೊದಲು ಈ ಗುಮ್ಮಟವನ್ನೇ ಸಾಕ್ಷಿಗೆ ಕರೆಯುತ್ತೇವೆ.

ಪ್ಯಾಸಡೀನಾದಲ್ಲಿ ಪೋರ್ಟರನು ಕಟ್ಟಡಗಳ ವಿನ್ಯಾಸದಲ್ಲಿಯೂ ಯಂತ್ರದ ವಿನ್ಯಾಸದಲ್ಲಿಯೂ ಕೈಹಾಕಿದನು. ಆದರೆ ಲೋಕವು ನೆನೆಯುವುದು ಆತನ ಚಿತ್ರಗಳನ್ನು. ಯಂತ್ರದ ಹೊರಮೈಯನ್ನು ಸೀಳಿ ಒಳಗನ್ನು ತೋರಿಸುವ ಈ ಪೆನ್ಸಿಲ್ ಚಿತ್ರಗಳಲ್ಲಿ ಅನೇಕವನ್ನು, ಯಂತ್ರವಿನ್ನೂ ನಿಲ್ಲುವುದಕ್ಕೆ ಮುಂಚೆಯೇ, ಬರಿಯ ನಕಾಶೆಗಳನ್ನು ನೋಡಿ ಬರೆದನು. ಎಂಜಿನಿಯರನಿಗೆ ಮಾತ್ರ ಅರ್ಥವಾಗುವ ಗೆರೆಗಳ ಗೊಂಡಾರಣ್ಯವನ್ನು ಯಾರು ಬೇಕಾದರೂ ನೋಡಿ ತಿಳಿಯುವಂತೆ ಮಾಡಿದ ಈ ಕೆಲಸವೂ, ಯೋಚಿಸಿ ನೋಡಿದರೆ, 1920ರ ತರಗತಿಯ ಮುಂದುವರಿಕೆಯೇ ಸರಿ.

ಆ ಮಹಾದರ್ಪಣದ ಕಥೆಯನ್ನು ಕೇಳಿದವರು ಬಹಳ ಮಂದಿ. 1934ರ ಡಿಸೆಂಬರ್ 2ರಂದು ಕಾರ್ನಿಂಗ್ ಗಾಜಿನ ಕಾರ್ಖಾನೆಯಲ್ಲಿ ಎರಕವಾದ ಸುಮಾರು 20 ಟನ್ ತೂಕದ ಬಿಲ್ಲೆಯು 1936ರಲ್ಲಿ ರೈಲಿನ ಮೇಲೆ ಪ್ಯಾಸಡೀನಾಕ್ಕೆ ಬಂದಿತು. ಅದರಿಂದ ಸುಮಾರು 5 ಟನ್ ಗಾಜನ್ನು ತೇಯ್ದು ತೆಗೆದರು. ಕ್ರಮವು ಸ್ಪ್ರಿಂಗ್‌ಫೀಲ್ಡಿನ ಆರಂಗುಲದ ಗಾಜಿಗೆ ಬಳಸಿದ ಕ್ರಮವೇ: ಸಾಣೆಪುಡಿ, ರಾಳ, ಕಬ್ಬಿಣದ ಭಸ್ಮ, ಪರೀಕ್ಷೆಗೆ ಫೂಕೋವಿನ ಅಲಗು. ಈ ಕೆಲಸದ ಮೇಲ್ವಿಚಾರಕನಾಗಿದ್ದ ಮಾರ್ಕಸ್ ಬ್ರೌನನು ಹಿಂದೆ ಲಾರಿಯನ್ನು ನಡೆಸುತ್ತಿದ್ದವನು, ಕೆಲಸ ಮಾಡುತ್ತಲೇ ವಿದ್ಯೆಯನ್ನು ಕಲಿತವನು.

ಮಧ್ಯದಲ್ಲಿ ಎರಡನೆಯ ಮಹಾಯುದ್ಧವು ಬಂದು ದರ್ಪಣದ ಕೆಲಸವು ನಿಂತಿತು. ಆಗ ಸೈನ್ಯಕ್ಕೆ ದುರ್ಬೀನುಗಳಿಗೂ ಗುರಿಕಾಣುವ ಯಂತ್ರಗಳಿಗೂ ಮನೆಯ ಸೂರಿನಂತೆ ಎರಡು ಮುಖಗಳು ಕೂಡುವ ವಿಶಿಷ್ಟ ಪಟ್ಟಕಗಳು ಬೇಕಾದುವು. ಆ ಎರಡು ಮುಖಗಳ ನಡುವಿನ ಸಮಕೋನದಲ್ಲಿ ಎರಡು ಸೆಕೆಂಡುಗಳಿಗಿಂತ ಹೆಚ್ಚು ವ್ಯತ್ಯಾಸವಿರಕೂಡದು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಸೆಕೆಂಡು. ಇವನ್ನು ತಯಾರಿಸಬಲ್ಲ ಕೈಗಳು ದೇಶದಲ್ಲಿ ಸಾಲವು. ಇಂಗಲ್ಸ್ ಮತ್ತು ಪೋರ್ಟರ್ ಇಬ್ಬರೂ ಹವ್ಯಾಸಿಗಳನ್ನು ಕರೆದರು. ಮನೆಯ ನೆಲಮಾಳಿಗೆಗಳಲ್ಲಿ, ಹಿತ್ತಿಲಿನ ಕೊಠಡಿಗಳಲ್ಲಿ, ಸಂತೋಷಕ್ಕಾಗಿ ಗಾಜನ್ನು ತೇಯುತ್ತಿದ್ದವರು ಪಟ್ಟಕಗಳನ್ನು ಮಾಡಿಕೊಟ್ಟರು. ಷಾರ್ಟನಂತೆ ಪೋರ್ಟರನೂ ತನ್ನ ಉಪಕರಣಗಳನ್ನು ಮುರಿಸಿಹಾಕುವ ಸ್ವಭಾವದವನಾಗಿದ್ದರೆ ಆ ಕೈಗಳು ಎಲ್ಲಿಂದ ಬರುತ್ತಿದ್ದುವು?

ಪಾಲೊಮಾರಿನ ದೂರದರ್ಶಕವನ್ನು 1948ರ ಜೂನ್ 3ರಂದು ಸಮರ್ಪಿಸಿ, ಹತ್ತು ವರ್ಷಗಳ ಹಿಂದೆಯೇ ತೀರಿಕೊಂಡಿದ್ದ ಹೇಲನ ಹೆಸರನ್ನು ಅದಕ್ಕೆ ಇಟ್ಟರು. 1949ರ ಜನವರಿಯಲ್ಲಿ ಹಬಲ್ ಎಂಬ ಖಗೋಳಜ್ಞನು ಅದರಿಂದ ಮೊದಲ ಛಾಯಾಚಿತ್ರಗಳನ್ನು ತೆಗೆದನು. ಮರುತಿಂಗಳು, ಫೆಬ್ರವರಿ 22ರಂದು, ಪೋರ್ಟರನು ಪ್ಯಾಸಡೀನಾದಲ್ಲಿ ಕಣ್ಮುಚ್ಚಿದನು. ಆಗ ಆತನಿಗೆ ಎಪ್ಪತ್ತೇಳು ವರ್ಷ.

ಬ್ರೀಜಿ ಬೆಟ್ಟದ ಗುಲಾಬಿ ಮನೆಯನ್ನು 1989ರಲ್ಲಿ ಅಮೆರಿಕಾ ಸರಕಾರವು ರಾಷ್ಟ್ರೀಯ ಸ್ಮಾರಕವೆಂದು ಗೊತ್ತುಮಾಡಿತು. ಅಲ್ಲಿ ಇಂದಿಗೂ ಬೇಸಗೆಯಲ್ಲಿ ಸಮ್ಮೇಳನವು ನಡೆಯುತ್ತದೆ. ಬಂದವರು ತಾವು ಮಾಡಿದ ಯಂತ್ರಗಳನ್ನು ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಚಂದ್ರಬಿಂಬದ ದಕ್ಷಿಣ ಭಾಗದಲ್ಲಿ ಕ್ಲಾವಿಯಸ್ ಎಂಬ ವಿಶಾಲವಾದ ಕುಳಿಯೊಂದಿದೆ. ಅದರ ಅಂಚಿನ ಮೇಲೆ ಕುಳಿತಿರುವ ಚಿಕ್ಕ ಕುಳಿಗೆ ಖಗೋಳಜ್ಞರು ಪೋರ್ಟರ್ ಎಂದು ಹೆಸರಿಟ್ಟಿದ್ದಾರೆ. ಶುಕ್ಲಪಕ್ಷದ ನವಮಿ ದಶಮಿಗಳ ಹೊತ್ತಿಗೆ ಅಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ನೋಡಿದರೆ, ಕೈಯಿಂದ ತೇಯ್ದ ಆರಂಗುಲದ ದರ್ಪಣದಲ್ಲಿಯೂ ಅದು ಚೆನ್ನಾಗಿ ಕಾಣುತ್ತದೆ.